ಬೀಳಲು ಕಲಿಸಿದ ಸೂಲಗಿತ್ತಿ

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ನಾನು ಮಂಗಳವಾರ, ಶುಕ್ರವಾರ ಸಂಜೆ ಸೈಕಲ್ ಹತ್ತಿ ಹೊರಟೆನೆಂದರೆ, ವಾಪಸ್ ಬರುವಷ್ಟರಲ್ಲಿ ಹೇಳಿಕೊಂಡು ನಗುವಂಥದ್ದು ಏನಾದರೂ ಒಂದು ಆಗಿಯೇ ಇರುತ್ತದೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅದೇ ನನ್ನನ್ನು ಹುಡುಕಿಕೊಂಡು ಬಂದು ನೆಲಕ್ಕೆ ಕೆಡವುತ್ತದೆ.

ನಾನು ಇಲ್ಲಿ ಟೊಮ್ಯಾಟೊ ಗಿಡದ ಬೇರಿನ ಮೇಲೆ ಸಂಶೋಧನೆ ಮಾಡುವವಳು. ದಿನವಿಡೀ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಕುಡುಗೋಲಿನಂತಾದಾಗ, ಲ್ಯಾಬಿನ ಗೆಳತಿಯೊಬ್ಬಳು "ಐಕಿಡೊ ಕಲಿ, ನೆಟ್ಟಗಾಗ್ತೀಯ" ಎಂದಳು. ಐಕಿಡೊ ಜಪಾನಿನ ವಿದ್ಯೆ. ಇದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಮೇಲೆ ಬಿದ್ದವನ ರಭಸವನ್ನೇ ತಿರುಗಿಸಿ ಅವನನ್ನು ಉರುಳಿಸುತ್ತಾರೆ. ಕಲಿಯುವ ಜಾಗಕ್ಕೆ ಡೋಜೊ ಎಂದು ಹೆಸರು. ನಮ್ಮ ಡೋಜೊ ಅಂದರೆ ಬಾಡಿಗೆಗೆ ಹಿಡಿದ ಪ್ರೈಮರಿ ಸ್ಕೂಲಿನ ಜಿಮ್. ಬಾಸ್ಕೆಟ್‌ಬಾಲ್ ಬುಟ್ಟಿ, ಗೋಡೆಗೆ ಬಿಗಿದ ಏಣಿ, ಮಕ್ಕಳ ಸಾಕ್ಸಿನ ವಾಸನೆ. ಗುರುಗಳು ಎಪ್ಪತ್ತು ದಾಟಿದ ಡಚ್ ಅಜ್ಜಿ. ನನ್ನ ಭುಜದಷ್ಟು ಎತ್ತರ. ನಿವೃತ್ತ ಸೂಲಗಿತ್ತಿ.

"ಕೆಲಸದಲ್ಲಿ ಇರೋವರೆಗೂ, ಕೆಳಗೆ ಬರೋರನ್ನೆಲ್ಲ ಬೀಳದ ಹಾಗೆ ಹಿಡಿದೆ," ಎಂದು ಪರಿಚಯ ಹೇಳಿಕೊಂಡರು. "ಈಗ ರಿಟೈರ್ ಆಗಿದ್ದೀನಿ. ಬೀಳಿಸ್ತೀನಿ."

ನಾಡಿ ನೋಡಿದ್ದು

ಮೊದಲ ದಿನವೇ ಗುರುಗಳು ಬಲಗೈ ಮುಂದೆ ಚಾಚಿ, "ಮಣಿಕಟ್ಟು ಹಿಡಿ" ಎಂದರು. ಅಜ್ಜಿ ವಯಸ್ಸಿನವರ ಕೈಯನ್ನು ಹೇಗೆ ಅದುಮುವುದು? ಬಾಳೆಹಣ್ಣು ಹಣ್ಣಾಗಿದೆಯಾ ಎಂದು ನೋಡುವವಳಂತೆ ಎರಡು ಬೆರಳಲ್ಲಿ ಹಿಡಿದೆ.

"ಏನದು, ನಾಡಿ ನೋಡ್ತಿದ್ದೀಯಾ?"

"ಇಲ್ಲ, ನಿಮಗೆ ನೋವಾಗಬಾರದು ಅಂತ..."

"ನನ್ನ ನಾಡಿ ಚೆನ್ನಾಗಿದೆ. ಗಟ್ಟಿಯಾಗಿ ಹಿಡಿ. ನನ್ನ ಪರ್ಸ್ ಕಿತ್ಕೊಂಡು ಓಡೋಕೆ ಬಂದಿದ್ದೀಯ ಅಂದ್ಕೊ."

ಹಿಡಿದೆ. ಆಮೇಲೆ ಏನಾಯಿತು ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಅವರು ಎಳೆಯಲಿಲ್ಲ, ತಳ್ಳಲಿಲ್ಲ. ಮನೆಗೆ ಬಂದವರಿಗೆ ಬಾಗಿಲು ತೆರೆದು ದಾರಿ ಬಿಡುವಂತೆ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರು, ಅಷ್ಟೆ. ನಾನು ಒಳಗೆ ಹೋದೆ. ಒಳಗೆ ನೆಲ ಇತ್ತು. ಅಂಗಾತ ಬಿದ್ದು ಬಾಸ್ಕೆಟ್‌ಬಾಲ್ ಬುಟ್ಟಿಯ ತೂತಿನಿಂದ ಚಾವಣಿ ನೋಡುತ್ತಿದ್ದೆ. ಆಶ್ಚರ್ಯವೆಂದರೆ ಎಳ್ಳಷ್ಟೂ ನೋವಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಮಲಗಿಸಿದ್ದರು.

ಎದ್ದು ಮಂಡಿಯೂರಿದರೆ ಕಣ್ಣೆದುರೇ ಅವರ ಪಾದ. ಚಿಕ್ಕಂದಿನ ಅಭ್ಯಾಸ ನೋಡಿ, ಕೈ ತಾನಾಗಿಯೇ ನಮಸ್ಕಾರಕ್ಕೆ ಮುಂದೆ ಹೋಯಿತು. ಬೆರಳು ತಾಗುವಷ್ಟರಲ್ಲಿ ಪಾದ ಅಲ್ಲಿರಲಿಲ್ಲ. ಗುರುಗಳು ನನ್ನ ಬೆನ್ನ ಹಿಂದೆ ನಿಂತಿದ್ದರು.

"ಒಳ್ಳೇ ಯೋಚನೆ," ಎಂದರು. "ಆದರೆ ಕಾಲಿಗೆ ಕೈ ಹಾಕಿ ಕೆಡವೋದು ಮುಂದಿನ ವರ್ಷದ ಪಾಠ."

ತೆಂಕಣಕ್ಕೆ ತಿರುಗಿದ್ದು

ಒಂದು ಪಾದ ಊರಿಕೊಂಡು ಅರ್ಧ ಸುತ್ತು ತಿರುಗುವ ಹೆಜ್ಜೆಯೊಂದಿದೆ. ಎದುರಿನಿಂದ ನುಗ್ಗಿ ಬಂದವನು ಹಾಗೇ ಮುಂದೆ ಹೋಗಿಬಿಡಬೇಕು, ನಾವು ಅವನ ಪಕ್ಕದಲ್ಲಿ ನಿಂತು ಅವನು ನೋಡುತ್ತಿರುವುದನ್ನೇ ನೋಡುತ್ತಿರಬೇಕು. ಅದಕ್ಕೆ ತೆಂಕನ್ ಎಂದು ಹೆಸರು. ನಾನು 'ತೆಂಕಣ' ಎಂದು ಕೇಳಿಸಿಕೊಂಡು, ಎರಡು ವಾರ ಪ್ರತಿಸಲವೂ ದಕ್ಷಿಣ ಯಾವ ಕಡೆ ಎಂದು ಲೆಕ್ಕ ಹಾಕಿ ತಿರುಗಿದೆ.

"ಸಾವಿರ ಸಲ ತಿರುಗು, ಆಮೇಲೆ ಕಾಲಿಗೇ ಗೊತ್ತಾಗುತ್ತೆ" ಎಂದಿದ್ದರು ಗುರುಗಳು. ಹಲ್ಲುಜ್ಜುತ್ತಾ ತಿರುಗಿದೆ, ಮೈಕ್ರೋವೇವಿನಲ್ಲಿ ಅನ್ನ ಬಿಸಿಯಾಗುವಾಗ ತಿರುಗಿದೆ, ಸ್ಟೇಷನ್ನಿನಲ್ಲಿ ರೈಲು ಕಾಯುತ್ತಾ ತಿರುಗಿದೆ. ಮುದುಕರೊಬ್ಬರು ಬಂದು, "ಆಮ್‌ಸ್ಟರ್‌ಡ್ಯಾಮ್ ಆ ಕಡೆ" ಎಂದು ಕೈ ತೋರಿಸಿ ಹೋದರು.

ನಮ್ಮ ಪ್ರೊಫೆಸರರಿಗೆ ಬಾಗಿಲನ್ನು ಭುಜದಿಂದಲೇ ತಳ್ಳಿಕೊಂಡು ನುಗ್ಗುವ ಅಭ್ಯಾಸ. ವಾರಕ್ಕೊಮ್ಮೆಯಾದರೂ ಅವರಿಗೂ ನನಗೂ ಗಾಜಿನಮನೆಯ ಬಾಗಿಲಲ್ಲಿ ಢಿಕ್ಕಿ. ಒಂದು ದಿನ ನಾನು ಸಸಿಗಳ ಟ್ರೇ ಹಿಡಿದು ಹೊರಟಿದ್ದೆ. ಮೂರು ತಿಂಗಳ ಕೆಲಸ ಆ ಟ್ರೇಯಲ್ಲಿತ್ತು. ಬಾಗಿಲು ಧಡಾರನೆ ತೆರೆಯಿತು. ನಾನು ಏನನ್ನೂ ಯೋಚಿಸಲಿಲ್ಲ, ದೇವರಾಣೆ. ಕಾಲು ತಾನೇ ತಿರುಗಿತು, ಟ್ರೇಯೂ ತಿರುಗಿತು. ಢಿಕ್ಕಿ ಹೊಡೆಯಲು ಯಾರೂ ಸಿಗದೆ ಪ್ರೊಫೆಸರರು ನೇರವಾಗಿ ಹೋಗಿ ಗೊಬ್ಬರದ ರಾಶಿಗೆ ಮುಖ ಕೊಟ್ಟರು.

"ಪ್ರತಿ ವಾರ ಇಲ್ಲೇ ಇರ್ತಿದ್ದೆಯಲ್ಲ!" ಎಂದು ಗೊಬ್ಬರದೊಳಗಿಂದ ದೂರು ಬಂತು.

ಸಂಜೆ ಹೆಮ್ಮೆಯಿಂದ ಗುರುಗಳಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿದರು, "ಸಸಿಗಳು?"

"ಒಂದು ಎಲೆಯೂ ಮುರೀಲಿಲ್ಲ."

"ಪ್ರೊಫೆಸರು?"

"ಕನ್ನಡಕದವರೆಗೂ ಗೊಬ್ಬರ."

"ಹಾಗಾದರೆ ನಿಂದು ಅರ್ಧ ಪಾಠ," ಎಂದರು. "ಮೇಲೆ ಬಿದ್ದವರಿಗೂ ಪೆಟ್ಟಾಗಬಾರದು, ಅದೇ ಐಕಿಡೊ. ಮುಂದಿನ ಸಲ ಅವರನ್ನೂ ಮೆತ್ತಗೆ ನೆಡು."

ದೀಪ ಹೋದಾಗ

ಆ ಜಿಮ್ಮಿನ ದೀಪಗಳು ಯಾರಾದರೂ ಅಲ್ಲಾಡುತ್ತಿದ್ದರೆ ಮಾತ್ರ ಉರಿಯುತ್ತವೆ. ಎಲ್ಲರೂ ಅಲುಗಾಡದೆ ಇದ್ದರೆ, ಯಾರೂ ಇಲ್ಲವೆಂದು ತಿಳಿದು ಆರಿಹೋಗುತ್ತವೆ. ನಮ್ಮ ತರಗತಿ ಶುರುವಾಗುವುದೇ ಕಣ್ಣು ಮುಚ್ಚಿ ಅಲುಗಾಡದೆ ಕೂರುವುದರಿಂದ. ಹಾಗಾಗಿ ಎಲ್ಲರಿಗಿಂತ ಹೊಸಬರು ಧ್ಯಾನದ ನಡುವೆ ಆಗಾಗ ಕೈ ಬೀಸುತ್ತಿರಬೇಕು ಎಂಬ ನಿಯಮ. ಉಳಿದವರು ಶಾಂತಿ ಪಡೆಯುತ್ತಿದ್ದರೆ, ನಾನು ಬಸ್ಸಿಗೆ ಕೈ ಮಾಡುವವಳಂತೆ ಕೂತಿರುತ್ತಿದ್ದೆ.

ನಮ್ಮಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಐವತ್ತರ ಆಸುಪಾಸಿನವರು, ನಗರಸಭೆಯಲ್ಲಿ ಜನರ ಫೋನು ತೆಗೆದುಕೊಳ್ಳುವ ಕೆಲಸ. ಬಿಳಿ ಕೋಲನ್ನು ಬಾಗಿಲ ಬಳಿ ಬೂಟುಗಳ ಪಕ್ಕ ಒರಗಿಸಿ ಬರುತ್ತಾರೆ. ನಾನು ಶುರುವಿನಲ್ಲಿ ಅವರ ಜೊತೆ ಅಭ್ಯಾಸ ಮಾಡುವಾಗ "ಪಾಪ" ಎಂದುಕೊಂಡು ನಿಧಾನ ಮಾಡುತ್ತಿದ್ದೆ. ಪಾಪ ಯಾರು ಎಂದು ಒಂದು ಶುಕ್ರವಾರ ಗೊತ್ತಾಯಿತು.

ಅಭ್ಯಾಸ ಜೋರಾಗಿ ನಡೆದಿರುವಾಗಲೇ ಕರೆಂಟು ಹೋಯಿತು. ಚಳಿಗಾಲ, ಐದು ಗಂಟೆಗೇ ಹೊರಗೆ ಕತ್ತಲಾಗಿತ್ತು; ಕಣ್ಣಿಗೆ ಏನೂ ಕಾಣದು. ಎಲ್ಲರೂ ನಿಂತಲ್ಲೇ ಕಲ್ಲಾದೆವು. ಎಲ್ಲೋ ಒಂದು ಕಡೆ ಮಾತ್ರ ದಬ್, ದಬ್ ಎಂದು ಯಾರೋ ಬೀಳುವ ಸದ್ದು.

"ಯಾಕೆ ಎಲ್ಲರೂ ನಿಲ್ಲಿಸಿದ್ರಿ?" ಎಂದು ಕಣ್ಣು ಕಾಣದವರ ದನಿ.

"ದೀಪ ಹೋಯ್ತು," ಎಂದರು ಗುರುಗಳು. "ಇವತ್ತು ಪಾಠ ನೀವೇ ಮಾಡಿ."

ಅವರು ನಮ್ಮನ್ನು ದನಿಯಿಂದಲೇ ಸಾಲು ಮಾಡಿದರು. ಒಬ್ಬೊಬ್ಬರಾಗಿ ತಮ್ಮ ಕಡೆ ನಡೆದು ಬರಲು ಹೇಳಿದರು. ನನ್ನ ಸರದಿ ಬಂತು. ಎರಡು ಹೆಜ್ಜೆ ಇಟ್ಟಿದ್ದೆ.

"ನಿಮಗೆ ಹೆದರಿಕೆ ಆದಾಗ ಎಡಗಾಲು ಎಳೀತೀರಿ," ಎಂದಿತು ಕತ್ತಲು. "ಮೊದಲ ದಿನದಿಂದಲೂ. ಎತ್ತಿ ಇಡಿ."

ಎತ್ತಿಟ್ಟೆ. ಗಾಳಿ ಸುಳಿದಂತಾಯಿತು, ನಾನು ನೆಲದ ಮೇಲಿದ್ದೆ. ಬೆಳಕಿದ್ದಾಗ ಬಿದ್ದ ಯಾವ ಬೀಳುವಿಕೆಯೂ ಅಷ್ಟು ಸಲೀಸಾಗಿರಲಿಲ್ಲ. ಅರ್ಧ ಗಂಟೆ ಹಾಗೇ ನಡೆಯಿತು. ಯಾರೂ ಯಾರಿಗೂ ಢಿಕ್ಕಿ ಹೊಡೆಯಲಿಲ್ಲ.

ದೀಪ ಬಂದಾಗ ನೋಡಿದರೆ, ನಮ್ಮಲ್ಲೇ ಅತಿ ದೊಡ್ಡ ಆಳು, ಶನಿವಾರದ ಸಂತೆಯಲ್ಲಿ ಚೀಸ್ ಮಾರುವವನು, ಗೋಡೆಯ ಏಣಿಯನ್ನು ಅರ್ಧ ಹತ್ತಿ ಅಪ್ಪಿಕೊಂಡಿದ್ದಾನೆ.

"ಮತ್ತೆ ಯಾಕೆ ನಿಲ್ಲಿಸಿದ್ರಿ?" ಎಂದರು ಕಣ್ಣಿಲ್ಲದವರು.

"ದೀಪ ಬಂತು."

"ಛೆ," ಎಂದರು. "ಈಗಷ್ಟೇ ಎಲ್ಲರೂ ನೋಡ್ಕೊಂಡು ಹೆಜ್ಜೆ ಇಡ್ತಿದ್ರಿ."

ಚೀಸ್ ಮಾರುವವನ ನಟನೆ

ಏಣಿ ಹತ್ತಿದ್ದ ಆ ಆಳು ಎರಡು ಮೀಟರ್ ಎತ್ತರ. ಕೈಯೆತ್ತಿದರೆ ಬಾಸ್ಕೆಟ್‌ಬಾಲ್ ಬುಟ್ಟಿಗೆ ಹತ್ತಿರ ಹತ್ತಿರ. ನನ್ನ ಮೊದಲ ಪರೀಕ್ಷೆಗೆ ಎದುರಾಳಿಯಾಗಿ ಬಿದ್ದವನು ಅವನೇ. ಪರೀಕ್ಷಕರು ಯುಟ್ರೆಕ್ಟ್ ಊರಿನಿಂದ ಬಂದಿದ್ದರು. ನಗುವುದಕ್ಕೂ ಪರ್ಮಿಟ್ ಬೇಕು ಎನ್ನುವಂಥ ಮುಖ.

ಹಿಂದಿನ ರಾತ್ರಿ ನನಗೆ ನಿದ್ದೆ ಇರಲಿಲ್ಲ. ಪಿಎಚ್‌ಡಿ ವೈವಾದಲ್ಲೂ ಹಾಗೆ ಬೆವತಿರಲಿಲ್ಲ. ನನ್ನ ನಡುಕ ಅವನಿಗೂ ಕಂಡಿರಬೇಕು. ಪರೀಕ್ಷಕರು ಪಟ್ಟಿನ ಹೆಸರು ಕೂಗಿದರು, ಅವನು ಓಡಿ ಬಂದ, ನಾನು ಕೈ ಎತ್ತಿದೆ. ಧೊಪ್ಪನೆ ಬಿದ್ದ.

"ಇನ್ನೊಮ್ಮೆ," ಎಂದರು ಪರೀಕ್ಷಕರು. "ಈ ಸಲ ದಯವಿಟ್ಟು ಅವನನ್ನು ಮುಟ್ಟಿ."

ಮತ್ತೆ ಬಂದ. ಒಂದು ಬೆರಳು ತಾಗಿತು. ಗೋಡೆಯವರೆಗೂ ಉರುಳಿಕೊಂಡು ಹೋದ.

"ನೀನು ಸಹಾಯ ಮಾಡಬೇಡ," ಎಂದು ಅವನಿಗೆ ಕಟ್ಟಪ್ಪಣೆ ಆಯಿತು.

ಮೂರನೇ ಸಲ ಬಂದಾಗ ಅವನ ಮುಖದಲ್ಲಿ ಸ್ನೇಹ ಇರಲಿಲ್ಲ. ಬಾಗಿಲೇ ಕಿತ್ತುಕೊಂಡು ಬಂದ ಹಾಗಿತ್ತು. ನನಗೆ ಓಡಿಹೋಗುವುದಕ್ಕೂ ಪುರುಸೊತ್ತಿರಲಿಲ್ಲ. ಓಡುವ ಬದಲು ಕಾಲು ಮುಂದಕ್ಕೇ ಹೋಯಿತು, ಸೊಂಟ ತಿರುಗಿತು, ಆ ಬೆಟ್ಟ ನನ್ನ ಕೈಯ ಮೇಲಿಂದ ಹಗುರವಾಗಿ ದಾಟಿ ಆಚೆ ಬಿತ್ತು. ಬೀಳುತ್ತಾ ಚೀರಿದ. ನಾನು "ಅಯ್ಯೋ, ಪೆಟ್ಟಾಯ್ತೇನೋ?" ಎಂದು ಕನ್ನಡದಲ್ಲೇ ಕೂಗಿ ಅವನ ತಲೆ ಸವರಲು ಕೂತೆ. ನಾನೇ ಕೆಡವಿದೆ ಎಂದು ನನಗೇ ನಂಬಿಕೆ ಇರಲಿಲ್ಲ.

"ಸರ್, ಆಣೆ, ಈ ಸಲ ನಟನೆ ಅಲ್ಲ!" ಎಂದ ಅವನು ನೆಲದಿಂದಲೇ.

"ಗೊತ್ತಾಯ್ತು," ಎಂದು ಪರೀಕ್ಷಕರು ಪಾಸ್ ಎಂದು ಬರೆದರು. "ನಟನೆ ಮಾಡುವಾಗ ನಿನ್ನ ಮುಖದಲ್ಲಿ ಇಷ್ಟು ಆಶ್ಚರ್ಯ ಇರಲಿಲ್ಲ."

ಅಮ್ಮನ ಪಟ್ಟು

ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಮ್ಮ ಬಂದರು. ಅವರಿಗೆ ನಾನು ಐಕಿಡೊ ವಿಷಯ ಹೇಳಿರಲಿಲ್ಲ. ಗಂಡಸರನ್ನು ಎತ್ತಿ ಹಾಕುತ್ತೇನೆ, ಅವರು ನನ್ನನ್ನು ಹಾಕುತ್ತಾರೆ ಎಂದರೆ ಅಮ್ಮ ಮುಂದಿನ ವಿಮಾನಕ್ಕೇ ನನ್ನನ್ನೂ ಹತ್ತಿಸಿಕೊಂಡು ಹೋಗುತ್ತಿದ್ದರು. "ಯೋಗದ ಥರ ಒಂದು ಕ್ಲಾಸು" ಎಂದಿದ್ದೆ. ತೋಳಿನ ಮೇಲಿನ ನೀಲಿ ಗುರುತುಗಳಿಗೆಲ್ಲ ಸೈಕಲ್ಲೇ ಹೊಣೆ.

"ನಿನ್ ಯೋಗದ ಟೀಚರಮ್ಮನ್ನ ಊಟಕ್ಕೆ ಕರಿಯೇ," ಎಂದರು ಅಮ್ಮ. ತಪ್ಪಿಸಲು ಆಗಲಿಲ್ಲ. ಭಾನುವಾರ ಮಧ್ಯಾಹ್ನ ಗುರುಗಳು ಹೂಗೊಂಚಲು ಹಿಡಿದು ಬಂದರು. ಮಾತು ಯೋಗಕ್ಕೆ ತಿರುಗಿದರೆ ಏನು ಗತಿ ಎಂದು ನನಗೆ ಚಿಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದುದು ನನ್ನ ಪುಣ್ಯ.

ಊಟಕ್ಕೆ ಕೂರುವ ಮೊದಲು ಗುರುಗಳಿಗೆ ಒಂದು ಶಬ್ದ ಕಲಿಸಿಕೊಟ್ಟೆ. "ಹೊಟ್ಟೆ ತುಂಬಿದರೆ ತಟ್ಟೆ ಮೇಲೆ ಕೈ ಅಡ್ಡ ಇಟ್ಟು 'ಸಾಕು' ಅನ್ನಿ."

ಎರಡು ಹೋಳಿಗೆ ಆದ ಮೇಲೆ ಗುರುಗಳು ಕೈ ಅಡ್ಡ ಇಟ್ಟು, "ಸಾಕು" ಎಂದರು.

ಅಮ್ಮ ಬಲವಂತ ಮಾಡಲಿಲ್ಲ. "ಹೌದೌದು" ಎಂದು ನಕ್ಕು ಹಿಂದೆ ಸರಿದರು. ಗುರುಗಳು ಕೈ ತೆಗೆದರು. ಕೈ ತೆಗೆಯುತ್ತಿದ್ದ ಕ್ಷಣದಲ್ಲೇ ಅಮ್ಮ ಎಡಗಾಲು ಊರಿ ಅರ್ಧ ಸುತ್ತು ತಿರುಗಿ ಬೆನ್ನ ಕಡೆಯಿಂದ ಬಂದಿದ್ದರು. ತಟ್ಟೆಯಲ್ಲಿ ಮೂರನೇ ಹೋಳಿಗೆ ಇತ್ತು.

ಗುರುಗಳ ಕಣ್ಣು ಕಿರಿದಾಯಿತು. ಬೆನ್ನು ನೆಟ್ಟಗಾಯಿತು. ಡೋಜೊದಲ್ಲಿ ಮಾತ್ರ ನಾನು ಕಂಡ ಮುಖ ಅದು. ಮುಂದಿನ ಸಲ ಎರಡೂ ಕೈ ಅಡ್ಡ ಇಟ್ಟರು. "ಸಾಕು, ಸಾಕು!" ಅಮ್ಮ ಎಡಗೈಯಿಂದ ಅವರ ಮೊಣಕೈಯನ್ನು ಪ್ರೀತಿಯಿಂದ ಮುಟ್ಟಿದರು. ಮುಟ್ಟಿದ್ದಷ್ಟೇ. ಎರಡು ಕೈಗಳೂ ಕಿಟಕಿ ಬಾಗಿಲಿನಂತೆ ತೆರೆದುಕೊಂಡವು. ನಾಲ್ಕನೆಯದು ಬಿತ್ತು, ಅದರ ಮೇಲೆ ತುಪ್ಪವೂ.

ಎರಡು ಮೀಟರ್ ಗಂಡಸರನ್ನು ಉರುಳಿಸಿದ ಆ ಅಜ್ಜಿ, ಐದನೆಯದನ್ನು ತಡೆಯಲು ತಟ್ಟೆಯನ್ನೇ ಎತ್ತಿಕೊಂಡು ಎದ್ದು ನಿಂತರು. ಎದ್ದವರಿಗೆ ಅಮ್ಮ, "ಅಯ್ಯೋ, ನಿಂತ್ಕಂಡ್ ಉಣ್ಣಬಾರ್ದು ಕಣ್ರೀ" ಎನ್ನುತ್ತಾ ಭುಜ ಹಿಡಿದು ಕೂರಿಸಿದರು. ಕೂರುವುದರೊಳಗೆ ಐದೂ ಆಗಿತ್ತು.

ಗುರುಗಳು ಚಮಚ ಕೆಳಗಿಟ್ಟು ಅಮ್ಮನಿಗೆ ತಲೆ ಬಾಗಿ ವಂದಿಸಿದರು. "ನಿನ್ನ ತಾಯಿ ಎಲ್ಲಿ ಕಲಿತಿದ್ದು ಅಂತ ಕೇಳು."

ಕೇಳಿದೆ. "ಕಲಿಯೋದೇನ್ ಬಂತು?" ಎಂದರು ಅಮ್ಮ. "ಮನಿಗೆ ಬಂದೋರ್ನ ಅರೆಹೊಟ್ಟೇಲಿ ಕಳ್ಸಕ್ಕಾಗ್ತೈತಾ?"

ಗುರುಗಳ ಕಣ್ಣಲ್ಲಿದ್ದ ಆ ಬೆರಗು ನೋಡಿ ನನಗೆ ಸುಳ್ಳು ಇಟ್ಟುಕೊಳ್ಳಲು ಆಗಲಿಲ್ಲ. "ಅಮ್ಮ, ಇವರು ಕಲಿಸೋದು ಯೋಗ ಅಲ್ಲ. ಮೈಮೇಲೆ ಬಿದ್ದೋರನ್ನ ಹಿಡಿದು ಕೆಡವೋ ವಿದ್ಯೆ. ಎಂಥೆಂಥ ಆಳನ್ನೂ ಕೆಡವ್ತಾರೆ."

ಅಮ್ಮ ಗುರುಗಳನ್ನು ತಲೆಯಿಂದ ಕಾಲವರೆಗೆ ನೋಡಿದರು. "ಈ ಅಜ್ಜೀನಾ? ಒಂದು ಹೋಳಿಗೆ ತಡಿಯಕ್ಕಾಗ್ಲಿಲ್ಲ, ಪಾಪ." ತುಪ್ಪದ ಬಟ್ಟಲು ಮತ್ತೆ ಕೈಗೆತ್ತಿಕೊಳ್ಳುತ್ತಾ, "ನೀನ್ ಹೋಗವ್ವ ಕ್ಲಾಸಿಗೆ. ಅವ್ರಿಗೂ ಯಾರಾದ್ರೂ ಜೊತಿಗೆ ಬೇಕು," ಎಂದರು.

ಮಂಗಳವಾರ ಜಿಮ್ಮಿಗೆ ಹೋದರೆ ಗುರುಗಳು ಎಲ್ಲರನ್ನೂ ಸಾಲಾಗಿ ಕೂರಿಸಿ ಒಬ್ಬೊಬ್ಬರ ಮುಂದೆ ಒಂದೊಂದು ಖಾಲಿ ತಟ್ಟೆ ಇಟ್ಟಿದ್ದರು.

"ಇವತ್ತು ಹೊಸ ಪಟ್ಟು," ಎಂದರು. "ನನಗೆ ಇನ್ನೂ ಬರೋದಿಲ್ಲ. ಕಲಿಯೋಕೆ ಬಹಳ ವರ್ಷ ಬೇಕು. ಹೆಸರು, ಸಾಕು."

ಚೀಸ್ ಮಾರುವವನು ಕೈ ಎತ್ತಿದ. "ಸಾಕು ಅಂದರೆ ಜಪಾನಿನಲ್ಲಿ ಏನರ್ಥ?"

"ಜಪಾನಿನವರಿಗೆ ಗೊತ್ತೇ ಇಲ್ಲ," ಎಂದರು ಗುರುಗಳು. "ಇದು ದಾವಣಗೆರೆಯದು."