ಕೆಂಪು ದೀಪದ ಕಾಯಿಲೆ

ಮಾವನವರ ಹಳೆಯ ಅಂಬಾಸಿಡರ್ ಕಾರಿನ ರೋಗವನ್ನು ನಾನೇ ಪತ್ತೆ ಹಚ್ಚಿ, ನಾನೇ ವಾಸಿ ಮಾಡುತ್ತೇನೆ ಎಂದು ಘೋಷಿಸಿದಾಗ ನನ್ನ ಹೆಂಡತಿ ಶ್ರದ್ಧಾ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ರೋಣದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಕೆಮ್ಮು ಕೇಳಿಯೇ ಕೆಮ್ಮಿದವರ ಹೆಸರು ಹೇಳುವ ವೇದವ್ಯಾಸನೆಂಬ ನನಗೆ ಒಂದು ಕಾರು ಯಾವ ಲೆಕ್ಕ!

ರೋಗಲಕ್ಷಣ ಸ್ಪಷ್ಟವಾಗಿತ್ತು. ಎಂಜಿನ್ ಶುರುವಾದ ಕೂಡಲೇ ಆರಬೇಕಾದ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಅಂದರೆ ಡೈನಮೋದಿಂದ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲ. ಮಾವ ವಾಸುದೇವರಾಯರು ತೀರಿಕೊಂಡ ಮೇಲೆ ಅತ್ತೆ ಶಾರದಾಬಾಯಿ ನರಗುಂದದಿಂದ ನಮ್ಮಲ್ಲಿಗೆ ಬಂದರು. ಹಿಂದೆಯೇ ಕಾರೂ ಬಂತು. ಬಂದಾಗಿನಿಂದ ಅವರು ಅದರ ಹತ್ತಿರ ಸುಳಿದಿರಲಿಲ್ಲ. ಈಗ ಕೊಣ್ಣೂರಿನ ತವರಿಗೆ ಹೋಗಿ ಅಣ್ಣನನ್ನು ನೋಡಬೇಕು, ಆ ಕಾರಿನಲ್ಲೇ ಹೋಗೋಣ ಎಂದು ತಾವಾಗಿಯೇ ಬಾಯಿಬಿಟ್ಟಿದ್ದರು. ಅಂಥ ಮಾತಿಗೆ ಇಲ್ಲವೆನ್ನುವ ಅಳಿಯ ನಾನಲ್ಲ.

ಮೊದಲು ಮೀಟರ್ ಹಿಡಿದು ಬ್ಯಾಟರಿಯ ನಾಡಿ ನೋಡಿದೆ. ಎಂಜಿನ್ ಬಂದ್ ಇದ್ದಾಗ ಹನ್ನೆರಡೂವರೆ ವೋಲ್ಟ್, ಓಡುವಾಗ ಹದಿನಾಲ್ಕು. ಗಟ್ಟಿಮುಟ್ಟಾದ ಕಾರಿನ ಲಕ್ಷಣವೇ ಅದು. ಆದರೆ ಕೆಂಪು ದೀಪ ಉರಿಯುತ್ತಲೇ ಇತ್ತು.

"ಮೀಟರ್ ಚಲೋ ಅದ ಅಂತದ, ದೀಪ ಕೆಟ್ಟದ ಅಂತದ. ಯಾವುದು ಖರೇ?" ಎಂದಳು ಶ್ರದ್ಧಾ.

ಮೀಟರ್ ಸುಳ್ಳು ಹೇಳುತ್ತಿದೆ ಎಂದು ತೀರ್ಪು ಕೊಟ್ಟೆ. ಹೊಸ ಬ್ಯಾಟರಿ ತಂದೆ, ದೀಪ ಆರಲಿಲ್ಲ. ಡೈನಮೋ ಬಿಚ್ಚಿ, ಅಡುಗೆಕಟ್ಟೆಯ ಮೇಲೆ ಶಸ್ತ್ರಚಿಕಿತ್ಸೆಗೆ ಮಲಗಿಸಿದೆ. ಒಳಗಿನ ಕರಿಪುಡಿ ಹಾರಿ ಪಕ್ಕದ ಚಪಾತಿ ಹಿಟ್ಟಿನ ಮೇಲೆ ಕೂತು, ಅಂದಿನ ಚಪಾತಿಗಳು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ರೂಪ ತಾಳಿದವು. ಡೈನಮೋ ಒರೆಸಲು ಕೈಗೆ ಸಿಕ್ಕ ಬಟ್ಟೆ, ಶ್ರದ್ಧಾ ಗಜೇಂದ್ರಗಡದಿಂದ ಆರಿಸಿ ತಂದಿದ್ದ ಕುಬಸದ ಖಣವೆಂದು ಒರೆಸಿಯಾದ ಮೇಲೆ ಗೊತ್ತಾಯಿತು.

"ಒಳಗ ಬಂದ್ರ ಅಡಗಿ ಕೆಡತದ, ಹೊರಗ ಹೋದ್ರ ಕಾರ್ ಕೆಡತದ. ನೀವು ಅಂಗಡಿಗೆ ನಡೀರಿ," ಎಂದಳು.

ಹೋಗುವ ಮುನ್ನ ಎಲ್ಲವನ್ನೂ ಅವಸರದಲ್ಲಿ ಜೋಡಿಸಿ, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ, ಕಂಡ ತಂತಿಯನ್ನೆಲ್ಲ ಎಳೆದಾಡಿ ಎಂಜಿನ್ ಶುರು ಮಾಡಿದೆ. ದೀಪ ಆರಿತ್ತು! ಮೀಟರನ್ನು ಮತ್ತೆ ಮುಟ್ಟಲಿಲ್ಲ. ಸುಳ್ಳುಬುರುಕನ ಸಾಕ್ಷಿ ಯಾರಿಗೆ ಬೇಕು?

ಭಾನುವಾರ ಹೊರಟೆವು. ಅತ್ತೆ ನನ್ನ ಪಕ್ಕದಲ್ಲಿ, ಶ್ರದ್ಧಾ ಹಿಂದೆ. ನರಗುಂದ ದಾಟಿದೆವು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಡಲೆ ಹೊಲಗಳನ್ನು ನೋಡುತ್ತಿದ್ದರು. ಕೊಣ್ಣೂರಿನ ಸೇತುವೆ ಇನ್ನೇನು ಬಂತು ಎನ್ನುವಾಗ ಹಾರ್ನ್ ಒತ್ತಿದೆ. ನೆಗಡಿಯಾದ ಆಡಿನ ದನಿ ಬಂತು. ಎಂಜಿನ್ ಎರಡು ಸಲ ಬಿಕ್ಕಿ, ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತೇಬಿಟ್ಟಿತು.

ಬಾನೆಟ್ ತೆರೆದರೆ ಡೈನಮೋದ ದಪ್ಪ ತಂತಿ ಜೋತಾಡುತ್ತಿದೆ. ಬಿಗಿಯುವುದನ್ನೇ ಮರೆತಿದ್ದೆ. ಆ ತಂತಿ ಇಲ್ಲದೆ ಎಚ್ಚರಿಸುವ ಕೆಂಪು ದೀಪವೂ ಹತ್ತದು. ದಾರಿಯುದ್ದಕ್ಕೂ ಬ್ಯಾಟರಿ ಕೊಡುತ್ತ ಬಂದಿತ್ತು, ಅದಕ್ಕೆ ಕೊಡುವವರು ಯಾರೂ ಇರಲಿಲ್ಲ.

ಅತ್ತೆ ಕಿಟಕಿಯಿಂದ ಇಣುಕಿದರು. "ಅಳಿಯಂದ್ರ, ಕೆಂಪು ದೀಪ ಹತ್ತಿತ್ತೇನು?"

ಇಲ್ಲ ಎಂದೆ.

"ದೀಪ ಹತ್ತಲಾರದ ಈ ಕಾರ್ ಎಂದೂ ನಿಂತಿಲ್ರಿ," ಎನ್ನುತ್ತ ಅವರು ಬಾಗಿ ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದರು. ಟಿಕ್ ಎಂದಿತು. ಕೆಂಪು ದೀಪ ಮಂಕಾಗಿ ಹೊತ್ತಿಕೊಂಡಿತು.

ಅಲ್ಲೊಂದು ಗುಪ್ತ ಸ್ವಿಚ್! ಅವತ್ತು ತಂತಿ ಎಳೆದಾಡುವಾಗ ನನ್ನ ಕೈ ತಗುಲಿ ಆರಿದ್ದು ಅದೇ. ಅತ್ತೆ ನಿಧಾನವಾಗಿ ಹೇಳಿದರು. ಮನೆ ತುಂಬ ಜನ. ಗಂಡ ಹೆಂಡಿರು ಹಗಲಿನಲ್ಲಿ ಎರಡು ಮಾತಾಡಲೂ ಆಗದ ಸಂಸಾರ. ಕೊಣ್ಣೂರಿಗೆ ಹೊರಟರೆ ನಾದಿನಿ, ನೆಗೆಣ್ಣಿ, ಮಕ್ಕಳು ಎಲ್ಲ ಕಾರಿನೊಳಗೆ. ಅದಕ್ಕೇ ಮಾವ ಈ ಸ್ವಿಚ್ ಹಾಕಿಸಿದ್ದರು. ಬರುವಾಗ ಈ ಬೇವಿನ ಮರದ ಹತ್ತಿರ ಗುಟ್ಟಾಗಿ ಅದುಮಿ, ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ನೀವೆಲ್ಲ ಬಸ್ ಹಿಡಿದು ಹೋಗಿರಿ, ಕಾರು ಕಾಯಲು ಶಾರದಾ ಇರಲಿ ಎನ್ನುತ್ತಿದ್ದರಂತೆ. ಬಸ್ಸು ಮರೆಯಾದ ಮೇಲೆ ಇಬ್ಬರೂ ಗಿರಮಿಟ್ ತಿನ್ನುತ್ತ, ಮಾತಾಡುತ್ತ ಕೂತು, ಸಂಜೆ ಹೊತ್ತಿಗೆ ಮನೆ ಸೇರುತ್ತಿದ್ದರಂತೆ. ಗಂಡನ ಕಾರು ಹೀಗೆ ಪದೇ ಪದೇ ಕೆಡುತ್ತದಲ್ಲ ಎಂದು ಮನೆಯವರೆಲ್ಲ ಅತ್ತೆಗೆ ಮರುಗುತ್ತಿದ್ದರಂತೆ.

"ಕಡೇ ಸಲ ಕಾರಿನ್ಯಾಗ ನಾವಿಬ್ರೇ ಇದ್ದಿವಿ," ಎಂದರು. "ಆದ್ರೂ ಹಚ್ಚಿದ್ರು. ಆರಸಲೇ ಇಲ್ಲ."

ಶ್ರದ್ಧಾ ಹಿಂದಿನ ಸೀಟಿನಿಂದ ಕೈಚಾಚಿ ತಾಯಿಯ ಭುಜ ಹಿಡಿದುಕೊಂಡಳು. ಮಾವ ಹಚ್ಚಿಟ್ಟು ಹೋಗಿದ್ದ ಆ ದೀಪವನ್ನು ಕಾಯಿಲೆಯೆಂದುಕೊಂಡು, ಆರೋಗ್ಯವಾಗಿದ್ದ ಕಾರನ್ನು ಕೊಯ್ದು ನಿಜವಾದ ರೋಗ ತಂದಿಟ್ಟಿದ್ದೆ ನಾನು. ತಂತಿಯನ್ನು ಬಿಗಿಯುವಾಗ ನನಗೂ ಸ್ಪಾನರ್ ಸರಿಯಾಗಿ ಕಾಣಲಿಲ್ಲ.

ಅಷ್ಟರಲ್ಲಿ ಕೊಣ್ಣೂರಿನ ಜಂಗ್ಲಿಸಾಬ ಉಳ್ಳಾಗಡ್ಡಿ ಹೇರಿದ ಟೆಂಪೋ ನಿಲ್ಲಿಸಿ, ಶಾರದಕ್ಕಾ ಎನ್ನುತ್ತ ಇಳಿದು ಬಂದ. ಅತ್ತೆಯ ತವರಿನ ಓಣಿಯವನು. ಅಪ್ಪನಿಂದ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತಿದ್ದ ಶ್ರದ್ಧಾ ಸ್ಟೇರಿಂಗ್ ಹಿಡಿದಳು. ನಾನೂ ಜಂಗ್ಲಿಸಾಬನೂ ನೂಕಿದೆವು. ಎಂಜಿನ್ ಶುರುವಾಗಿ ಕಾರು ಮುಂದೆ ಓಡಿತು. ನನಗೆ ಉಸಿರು ಮರಳುವಷ್ಟರಲ್ಲಿ ಜಂಗ್ಲಿಸಾಬ ಟೆಂಪೋದಲ್ಲಿ ನನ್ನನ್ನು ದಾಟಿ ಹೋಗಿ, ಕಾರಿನ ಬಳಿ ಅರೆಗಳಿಗೆ ನಿಂತು, ಸೇತುವೆಯತ್ತ ಹೊರಟೇಬಿಟ್ಟ.

ಏದುಸಿರು ಬಿಡುತ್ತ ಕಾರಿನ ಹತ್ತಿರ ಬಂದೆ. ಎಂಜಿನ್ ಚೆನ್ನಾಗಿ ಓಡುತ್ತಿತ್ತು. ಅತ್ತೆ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು.

"ಚಾರ್ಜ್ ಆಗವಲ್ತು," ಎಂದಳು ಶ್ರದ್ಧಾ, ರಸ್ತೆ ನೋಡುತ್ತ. "ಅವ್ವ ಟೆಂಪೋದಾಗ ಹೋದಳು. ಕಾರ್ ಕಾಯಲಿಕ್ಕೆ ನಾವಿಬ್ರು ಇರಬೇಕಂತ."

ಸ್ಪಾನರ್ ಹಿಡಿದು ಬಾನೆಟ್ ಕಡೆ ಓಡಿದೆ.

"ರೀ," ಎಂದಳು. "ಅದನ್ನ ಅಲ್ಲೇ ಇಟ್ಟು, ಇಲ್ಲೆ ಬಂದು ಕೂಡ್ರಿ."