ಸೆರೆಮನೆಯಲ್ಲಿ ಭಾವನ ನಿದ್ದೆ

ನನ್ನ ಹೆಂಡತಿಯ ಅಕ್ಕನ ಗಂಡ ಜೈಲಿಗೆ ಹೋಗಿ, ಸುಖವಾಗಿ ನಿದ್ದೆ ಮಾಡಿ ಬಂದವರು. ಅಯ್ಯೋ, ಗಾಬರಿಯಾಗಬೇಡಿ! ಕಳ್ಳತನ, ವಂಚನೆ ಅವರ ಜಾತಕದಲ್ಲೇ ಇಲ್ಲ. ಅವರು ಕಟ್ಟಡ ಪರಿಶೀಲಿಸುವ ಇಂಜಿನಿಯರು. ಪರಿಶೀಲನೆ ಎಂದರೆ ಅವರ ಮಟ್ಟಿಗೆ ನೆಲದ ಮೇಲೆ ಅಂಗಾತ ಮಲಗುವುದು.

“ನಿಂತು ನೋಡೋದು ದಲ್ಲಾಳಿ ಕೆಲಸ ಕಣೋ. ಕಟ್ಟಡದಲ್ಲಿ ಇರೋರು ಮಲಗ್ತಾರೆ. ನಾವೂ ಮಲಗಿ ನೋಡ್ಬೇಕು,” ಎಂಬುದು ಅವರ ವೇದವಾಕ್ಯ.

ನಾವು ನೆಲೆಸಿರುವ, ಸದಾ ಮಳೆ ಸುರಿಯುವ ಪರದೇಶದ ಊರು ಪುಚೊಂಗಿನಲ್ಲಿ ನಮಗೆ ಬಾಡಿಗೆ ಮನೆ ನೋಡಲು ಬಂದಾಗಲೂ ಭಾವ ಚಪ್ಪಲಿ ಬಿಟ್ಟವರೇ ಅಡುಗೆಮನೆಯಲ್ಲಿ ಮಲಗಿ ಕಣ್ಣು ಮುಚ್ಚಿಬಿಟ್ಟರು. ಮನೆ ತೋರಿಸುತ್ತಿದ್ದ ತಮಿಳು ಹೆಂಗಸು ಹೌಹಾರಿದಳು.

“ಅಂಕಲ್ ಓಕೆ ಆ? ಆಂಬುಲೆನ್ಸ್ ಬೇಕಾ?”

“ನೋ ನೋ, ಚೆಕಿಂಗ್ ಲಾ!” ಎಂದೆ.

ಹದಿನೈದು ನಿಮಿಷಕ್ಕೆ ಎದ್ದ ಭಾವ, “ಮೇಲಿನ ಮನೆಯವರು ಕುರ್ಚಿ ಎಳೀತಾರೆ. ಬೇಡ,” ಎಂದರು. ಅಂಥ ಒಳ್ಳೆಯ ಮನೆ ಕೈತಪ್ಪಿತು!

ಇಂಥವರ ಕೈಕೆಳಗೇ ನನ್ನ ನೌಕರಿ. ಕೊಡಿಸಿದವರೂ ಅವರೇ, ಬಾಯಿ ಬಿಡುವಂತಿಲ್ಲ. ನಮ್ಮ ಕಂಪನಿಗೆ ಆಗೊಂದು ದೊಡ್ಡ ಕೆಲಸ ಸಿಕ್ಕಿತ್ತು. ಯುದ್ಧ ಮುಗಿದು ಈಗಷ್ಟೇ ಉಸಿರು ಬಿಡುತ್ತಿದ್ದ ದೇಶವೊಂದರಲ್ಲಿ, ಹೊರದೇಶದವರ ನೆರವಿನಿಂದ ಹೊಸ ಜೈಲು. ಶಾಲೆಗಿಂತ ಮೊದಲು ಜೈಲೇ? ನಾನೂ ಹಾಗೇ ಕೇಳಿದ್ದೆ.

“ಹಳೇದ್ರಲ್ಲಿ ಕೂರೋಕೂ ಜಾಗ ಇಲ್ವಂತೆ. ಇಲ್ಲಾದ್ರೂ ಮನುಷ್ಯರ ಹಾಗೆ ಕಾಲು ಚಾಚಲಿ,” ಎಂದಿದ್ದರು ಭಾವ.

ಅವರ ಸಹಿ ಬಿದ್ದರೆ ಉದ್ಘಾಟನೆ. ತಡವಾದರೆ ಭಾವನ ಕೆಲಸ ಹೋದಂತೆಯೇ ಎಂದು ಬಾಸ್ ಮೊದಲೇ ಹೇಳಿದ್ದರು. “ಅಲ್ಲಿ ಮಾತ್ರ ಮಲಗ್ಬೇಡಿ, ಸಹಿ ಹಾಕಿ ಬನ್ನಿ,” ಎಂದು ಅತ್ತಿಗೆ ವಿಮಾನ ನಿಲ್ದಾಣದಲ್ಲೇ ಕೈಮುಗಿದರು.

ಆ ಊರಿನಲ್ಲಿ ಎಲ್ಲವೂ ಕನಸಿನೊಳಗೆ ನಡೆಯುತ್ತಿರುವಂತಿತ್ತು. ಬಿಳಿ ಧೂಳು, ಗುಂಡಿನ ತೂತುಬಿದ್ದ ಗೋಡೆಗಳ ಮೇಲೆ ಬಿಸಿಲಿಗೆ ಹಾಕಿದ ಬಣ್ಣಬಣ್ಣದ ರಜಾಯಿ, ಎಲ್ಲಿಂದಲೋ ತೇಲಿಬರುವ ಆಡಿನ ಗಂಟೆ. ಖಾಲಿ ಜೈಲಿನಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗಿಂತ ಸ್ವಲ್ಪ ತಡವಾಗಿ ನಡೆದು ಬರುತ್ತಿತ್ತು.

ಭಾವ ಒಂದು ಕೋಣೆ ಹೊಕ್ಕರು. “ಬೀಗ ಹಾಕೋ.”

ಹಾಕಿದೆ. ಎರಡು ಗಂಟೆ! ಹೊರಗೆ ಕಾಯುತ್ತಿದ್ದ ಜೈಲು ಅಧಿಕಾರಿಗಳ ಚಹಾ ಆರಿತು, ಒಳಗಿನಿಂದ ಗೊರಕೆ. ಆಮೇಲೆ ಅದೂ ನಿಂತಿತು. ಬಾಗಿಲು ತೆಗೆದರೆ ಭಾವನ ಮುಖ ಸಪ್ಪಗಿತ್ತು.

“ಆಕಾಶ ಕಾಣಲ್ಲ ಕಣೋ. ಕಿಟಕಿ ಮೇಲಿನ ಸಜ್ಜ ಉದ್ದ ಆಯ್ತು. ಮಲಗಿದ್ರೆ ಬರೀ ಕಾಂಕ್ರೀಟು.”

“ನಕ್ಷೆ ಪ್ರಕಾರವೇ ಇದೆಯಲ್ಲ ಭಾವ! ಆ ನಕ್ಷೆ ಪಾಸು ಮಾಡಿದ್ದೇ ನೀವು!”

“ಪುಚೊಂಗ್ ಮಳೆ ನೋಡ್ತಾ ಮಾಡಿದ್ದು. ಎರಚಲು ಹೊಡೀಬಾರ್ದು ಅಂತ ನಾನೇ ಉದ್ದ ಮಾಡಿಸ್ದೆ. ಇಲ್ಲಿ ಮಳೆ ಎಲ್ಲಿದೆ? ನಕ್ಷೇನ ಕೂತು ನೋಡಿದ್ದೆ ಕಣೋ, ಮಲಗಿ ನೋಡಿರಲಿಲ್ಲ!”

“ಕೈದಿಗಳಿಗೆ ಆಕಾಶ ಯಾಕೆ ಭಾವ? ನಿಮ್ಮ ಕೆಲಸ ಹೋಗುತ್ತೆ!” ಎಂದು ಗೋಗರೆದೆ. ಕೇಳಿದರೆ ತಾನೆ? ‘ತಪ್ಪು ನನ್ನದು. ಸಜ್ಜಗಳನ್ನು ಕತ್ತರಿಸಬೇಕು’ ಎಂದು ವರದಿ ಬರೆದರು. ಉದ್ಘಾಟನೆ ಮುಂದಕ್ಕೆ ಹೋಯಿತು, ಭಾವನ ಕೆಲಸವೂ ಹೋಯಿತು. ಅತ್ತಿಗೆ ಒಂದು ವಾರ ಮಾತು ಬಿಟ್ಟರು. ಭಾವ ಈಗ ಹತ್ತಿರದ ನಿಲಾಯ್ ಊರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ.

ಕೆಲವು ತಿಂಗಳ ಮೇಲೆ ಸಜ್ಜ ಕತ್ತರಿಸಿದ್ದಾಯಿತೆಂದು ಸುದ್ದಿ ಬಂತು. ಸಹಿ ಹಾಕಲು ನನ್ನೊಬ್ಬನನ್ನೇ ಕಳಿಸಿದರು. ಅದೇ ಕೋಣೆಯಲ್ಲಿ, ಯಾರೂ ಇಲ್ಲದ್ದು ನೋಡಿ, ನಾಚಿಕೆ ಬಿಟ್ಟು ಮಲಗಿದೆ. ಮಲಗಿಕೊಂಡೇ ಭಾವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಕಿಟಕಿಯತ್ತ ತಿರುಗಿಸಿದೆ. ಅಂಗೈಯಗಲ ನೀಲಿ. ಒಂದು ಮೋಡ ನಿಧಾನವಾಗಿ ಬಂತು, ಅಷ್ಟೇ ನಿಧಾನವಾಗಿ ಹೋಯಿತು.

“ಸಾಕು ಕಣೋ,” ಎಂದರು ಭಾವ. “ಪಾಪ, ಒಳಗೆ ಬರೋರಿಗೆ ಇಷ್ಟಾದ್ರೂ ಇರಲಿ. ಸಹಿ ಹಾಕು.”

ಇಷ್ಟು ವರ್ಷ ನಾನು ಆಡಿಕೊಂಡು ನಕ್ಕ ಈ ಮನುಷ್ಯನ ಮೇಲೆ ನನಗೆಷ್ಟು ಪ್ರೀತಿಯಿದೆಯೆಂದು ಆ ತಣ್ಣನೆಯ ನೆಲದ ಮೇಲೆ ಗೊತ್ತಾಯಿತು. ಎದ್ದು ಫಾರಂ ತೆಗೆದೆ. ಪರಿಶೀಲಿಸಿದವರ ಹೆಸರಿನ ಜಾಗದಲ್ಲಿ ಮೊದಲು ಭಾವನ ಹೆಸರು ಬರೆದೆ. ನನ್ನದನ್ನು ಅದರ ಕೆಳಗೆ ಬರೆದೆ.