ಅರವತ್ತು ಫೂಟಿನ ಸಾಮ್ರಾಜ್ಯಗಳು

ದುರ್ಗೇಶ ಸ್ಟೀಲ್ ಸ್ಕೇಲಿನ ಅಂಚಿನಿಂದ ಗೋಡೆಯ ಮೇಲಿನ ಸುಮೇರಿಯಾಕ್ಕೆ ಬೆರಣಿಯಾಗಿ ಬಡಿದಿದ್ದ ಸಗಣಿ ಕೆರೆಯುತ್ತಿದ್ದ. ಅರ್ಧ ಕುಳ್ಳು ಕಳಚಿ ಬಂತು. ಅದರ ಬೆನ್ನಿಗೆ ಅಂಟಿಕೊಂಡು ಒಬ್ಬ ರಾಜನ ಗಡ್ಡವೂ ಬಂತು.

"ಹಸೀದು ಕೀಳಬಾರದ್ರಿ ಮಾಸ್ತರ," ಹಿಂದಿನಿಂದ ಕಾಡವ್ವ ಹೇಳಿದಳು. ಸೊಂಟದ ಮೇಲೆ ಖಾಲಿ ಬುಟ್ಟಿ, ಮೊಣಕೈವರೆಗೆ ಸಗಣಿ. "ಒಣಗಿದ ಮ್ಯಾಲ ತಾವ ಬಿಡ್ತಾವು."

"ಯಾವಾಗ ಒಣಗ್ತಾವು?"

"ಬಿಸಲ ಹಿಂಗ ಇದ್ರ ನಾಡದು."

"ಗ್ವಾಡಿ ನೋಡಾಕ ಸಾಹೇಬ್ರು ಇವತ್ತ ಎರಡಕ್ಕ ಬರ್ತಾರವ್ವಾ."

"ಬರ್ಲಿ. ಅವ್ರೇನ್ ಕುಳ್ಳ ಒಯ್ಯಾಕ ಬರ್ತಾರೇನು?"

ಮೂಡಲಗಿಯ ಬಾಜೂ ಹಳ್ಳಿಯ ಹೈಸ್ಕೂಲಿನ ಈ ಕಂಪೌಂಡ್ ಗೋಡೆಯ ಉದ್ದ ಅರವತ್ತು ಫೂಟು. ಅದರ ರಸ್ತೆ ಬದಿಗೆ ಜಗತ್ತಿನ ಮಹಾ ಸಾಮ್ರಾಜ್ಯಗಳನ್ನು ಬರೆಸುವ ಕೆಲಸ ಇತಿಹಾಸ ಮಾಸ್ತರನಾದ ದುರ್ಗೇಶನ ಪಾಲಿಗೆ ಬಂದಿತ್ತು. ಅದೇ ಬದಿಗೆ ಕಾಡವ್ವ ಮೂವತ್ತು ವರ್ಷಗಳಿಂದ ಕುಳ್ಳು ಬಡಿಯುತ್ತ ಬಂದಿದ್ದಳು. ಇವತ್ತೂ ಬೆಳಗಾಗುತ್ತಲೇ ಬಂದಿದ್ದಳು. ಗೋಡೆಗೆ ಬಣ್ಣ ಬಳಿದದ್ದನ್ನು ನೋಡಿದಳು, ನುಣ್ಣಗಾಗಿದೆಯೆಂದು ಸಂತೋಷಪಟ್ಟಳು, ತುದಿಯಿಂದ ಶುರು ಮಾಡಿ ಮೂವತ್ತೆರಡು ಕುಳ್ಳು ಬಡಿದಳು. ಅಷ್ಟು ಹೊತ್ತಿಗೆ ದುರ್ಗೇಶ ಇನ್ನೂ ಎರಡನೆಯ ಬಸ್ಸಿನಲ್ಲಿದ್ದ.

ಅವನ ಮನೆ ಹತ್ತರಗಿಯಲ್ಲಿ. ಹತ್ತರಗಿಯಿಂದ ಹುಕ್ಕೇರಿಗೆ ಒಂದು ಬಸ್ಸು, ಹುಕ್ಕೇರಿಯಿಂದ ಗೋಕಾಕಕ್ಕೆ ಇನ್ನೊಂದು, ಅಲ್ಲಿಂದ ಮೂಡಲಗಿ ಹಾದು ಈ ಹಳ್ಳಿಗೆ ಮೂರನೆಯದು. ಸಂಜೆ ಇದೇ ಮೂರು, ಉಲ್ಟಾ. ಆರು ವರ್ಷಗಳಲ್ಲಿ ಅವನು ನಿಂತುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದ, ಕುದುರೆಯ ಹಾಗೆ. ಹತ್ತರಗಿಯ ಶಾಲೆಗೆ ನಿಯೋಜನೆ ಬೇಡುವ ಅರ್ಜಿ ಅಂಗಿಯ ಕಿಸೆಯಲ್ಲಿತ್ತು.

"ಗ್ವಾಡಿ ಛಲೋ ಆದ್ರ ನಿಮ್ಮ ಅರ್ಜಿ ನಾನ ಸಾಹೇಬ್ರ ಕೈಯಾಗ ಕೊಡ್ತೇನಿ," ಎಂದಿದ್ದರು ಹೆಡ್ ಮಾಸ್ತರ ಬಸವಣ್ಣೆಪ್ಪ. ಆರು ವರ್ಷಗಳಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಮಾತು ಕೊಟ್ಟಿರಲಿಲ್ಲ.

ದುರ್ಗೇಶ ಸ್ಕೇಲನ್ನು ಕೆಳಗಿಟ್ಟ. ಕುಳ್ಳುಗಳನ್ನು ಹಾಗೇ ಬಿಡುವುದೆಂದಾಯಿತು.

ಉಳಿದ ಗೋಡೆಯಲ್ಲಿ ಪೇಂಟರ್ ಹಜರತಅಲಿ ಸ್ಟೂಲಿನ ಮೇಲೆ ಕೂತು ರೋಮಿಗೆ ಕೊನೆಯ ಕೈ ಹಾಕುತ್ತಿದ್ದ. ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹುಲಿ ಬರೆಯುವುದರಲ್ಲಿ ಅವನ ಕೈ ಪಳಗಿತ್ತು. ಮನುಷ್ಯರಲ್ಲಿ ಮಾತ್ರ ಅವನಿಗೆ ಒಂದೇ ಮುಖ ಬರುತ್ತಿತ್ತು, ದಪ್ಪ ಮೀಸೆಯದು. ಈಜಿಪ್ತಿನಿಂದ ಹಿಡಿದು ವಿಜಯನಗರದ ತನಕ ಒಬ್ಬನೇ ಮನುಷ್ಯ ನಾಲ್ಕು ಸಾವಿರ ವರ್ಷ ಜಗತ್ತನ್ನು ಆಳಿ ಆಳಿ ಸುಸ್ತಾದ ಹಾಗೆ ಕಾಣುತ್ತಿತ್ತು.

ಹನ್ನೊಂದಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಬೀರಸಿದ್ದಪ್ಪ ಬಂದ. ಗೋಡೆಯ ಉದ್ದಕ್ಕೂ ಹೆಜ್ಜೆ ಹಾಕಿ ಅಳೆದ.

"ಈ ರೋಮಿನವ್ರಿಗೆ ಒಂಬತ್ತ ಫೂಟ. ನಮ್ಮ ಸವದತ್ತಿ ರಟ್ಟರಿಗೆ ಒಂದೂವರಿ. ರೋಮಿನವ್ರು ಯಾವಾಗರ ಈ ಕಡೆ ಬಂದಿದ್ರೇನ್ರಿ?"

"ಇಲ್ರಿ."

"ರಟ್ಟರು?"

"ಆಳ್ಯಾರ್ರಿ."

"ಮತ್ತ?"

ದುರ್ಗೇಶ ಪೇಂಟರನಿಗೆ ರೋಮಿನ ಕಡೆ ಬೆರಳು ಮಾಡಿ ತೋರಿಸಿದ. ಹಜರತಅಲಿ ಸುಣ್ಣದ ಬಕೆಟ್ ತಂದ. ರೋಮ್ ಬೀಳಲು ಪುಸ್ತಕದಲ್ಲಿ ನೂರಾರು ವರ್ಷ ಹಿಡಿದಿತ್ತು. ಇಲ್ಲಿ ಕಾಲು ಗಂಟೆ ಸಾಕಾಯಿತು.

ಹನ್ನೆರಡಕ್ಕೆ ಬಸವಣ್ಣೆಪ್ಪನವರು ಹೊರಗೆ ಬಂದು ವಿಜಯನಗರದ ಎದುರು ನಿಂತರು. ಆನೆಯ ಹಿಂಭಾಗಕ್ಕೆ ಜಾಗ ಸಾಲದೆ ಹಜರತಅಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದ್ದ.

"ಆನಿ ಪೂರಾ ಬರ್ಲಿ. ಹಿಂದಿಂದ ಇಲ್ಲದ ಆನಿ ಯಾವ ರಾಜಾ ಸಾಕ್ತಾನ?"

"ಜಾಗ ಎಲ್ಲಿಂದ ತರ್ಲಿ ಸರ್?"

"ಬಾಜೂ ಯಾರದಾರ?"

"ಆದಿಲಶಾಹಿ."

"ಒಂಚೂರು ಸರ್ಕೊಳ್ಳಾಕ ಹೇಳ್ರಿ."

ಹಜರತಅಲಿ ಟೇಪು ಹಿಡಿದು ನೋಡಿದ. "ಎರಡ ಫೂಟ ಉಳೀತ್ರಿ ಮಾಸ್ತರ. ಎರಡ ಫೂಟಿನಾಗ ಗೋಳಗುಮ್ಮಟ ಅಂದ್ರ ಕೊಡಪಾನ ಆಕ್ಕೈತಿ ನೋಡ್ರಿ."

"ಆಗ್ಲಿ ಬಿಡಪಾ."

ಜೀಪು ಎರಡಕ್ಕೆ ಬರಬೇಕಾದದ್ದು ಒಂದೂಕಾಲಿಗೇ ಬಂತು. ಆನೆಯ ಹಿಂಭಾಗ ಇನ್ನೂ ಹಸಿಯಿದ್ದು ಕೆಳಕ್ಕೆ ಸೋರುತ್ತಿತ್ತು. ಶಿಕ್ಷಣಾಧಿಕಾರಿ ದೊಡ್ಡ ಶಹರದವರು, ಈ ಕಡೆ ಬದಲಿಯಾಗಿ ಬಂದು ವಾರವಾಗಿತ್ತಷ್ಟೆ. ನೆಗಡಿಯಿಂದ ಮೂಗು ಕಟ್ಟಿ, ಕರವಸ್ತ್ರ ಹಿಡಿದೇ ಇಳಿದರು. ಸೋರುವ ಆನೆಯನ್ನು, ಕೊಡಪಾನವನ್ನು, ಸುಣ್ಣದೊಳಗಿಂದ ಇಣುಕುತ್ತಿದ್ದ ರೋಮನ್ ಮೀಸೆಯನ್ನು ದಾಟಿ ಎಲ್ಲಿಯೂ ನಿಲ್ಲದೆ ನಡೆದರು. ದುರ್ಗೇಶ ಸಂಜೆಯ ಮೂರು ಬಸ್ಸುಗಳನ್ನು ಎಣಿಸತೊಡಗಿದ.

ಗೋಡೆಯ ತುದಿಯಲ್ಲಿ ಅಧಿಕಾರಿ ಗಕ್ಕನೆ ನಿಂತರು.

"ಇದನ್ನ ಯಾರು ಯೋಚನೆ ಮಾಡಿದ್ದು?"

ಅವರ ಬೆರಳು ಕುಳ್ಳುಗಳ ಕಡೆಗಿತ್ತು.

"ಸುಮೇರಿಯಾದ ಮಣ್ಣಿನ ಹಲಗೆಗಳು. ಹಸಿ ಇರುವಾಗಲೇ ಒತ್ತಿ ಬರೆದು ಬಿಸಿಲಿಗೆ ಒಣಗಿಸ್ತಿದ್ರು, ಹೀಗೇನೇ." ಅವರು ಕಾಡವ್ವನ ಐದು ಬೆರಳಿನ ಗುರುತುಗಳನ್ನು ಸಾಲು ಸಾಲಾಗಿ ಓದುವವರಂತೆ ನೋಡಿದರು. "ಲಿಪಿ ಕೂಡ ಇದೆ. ಎಲ್ಲ ಶಾಲೆಯಲ್ಲೂ ಬಣ್ಣ ಬಳೀತಾರೆ. ಇದು ಮಾದರಿ."

"ಸರ್, ಅವು..." ಎಂದ ದುರ್ಗೇಶ. ಬಸವಣ್ಣೆಪ್ಪನವರು ಅವನ ಕಾಲು ತುಳಿದರು.

"ಸ್ಥಳೀಯ ಸಂಪನ್ಮೂಲ ಸರ್. ಈ ಕಾಡವ್ವನ ಮಾಡ್ಯಾಳು."

ಅಧಿಕಾರಿ ಅವಳ ಕಡೆ ತಿರುಗಿದರು. "ಎಷ್ಟು ವರ್ಷದಿಂದ ಮಾಡ್ತಿದ್ದೀರಮ್ಮ?"

"ಮೂವತ್ತ ಆತ್ರಿ. ನಮ್ಮತ್ತಿನೂ ಮಾಡ್ತಿದ್ಲು."

"ಇದರಲ್ಲಿರೋದನ್ನ ಓದೋಕೆ ಬರುತ್ತಾ?"

"ಓದಿ ಏನ್ ಮಾಡೋದ್ರಿ? ಉರಿದ್ರ ಸಾಕು."

ಅಧಿಕಾರಿ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಬಸವಣ್ಣೆಪ್ಪನವರು ಮಾತಿಗೆ ತಪ್ಪಲಿಲ್ಲ. ದುರ್ಗೇಶನ ಕಿಸೆಯಿಂದ ಅರ್ಜಿಯನ್ನು ತಾವೇ ಎಳೆದು ಜೀಪಿನ ಬಾನೆಟ್ಟಿನ ಮೇಲೆ ಬಿಡಿಸಿಟ್ಟರು. ಅಧಿಕಾರಿ ಪೂರ್ತಿ ಓದಲಿಲ್ಲ. "ಹತ್ತರಗಿ, ಅಲ್ವಾ? ನಾಳೆಯಿಂದಲೇ ಹೋಗಿ," ಎಂದು ಪೆನ್ನು ತೆಗೆದು ಸಹಿ ಮಾಡಿದರು.

ಆರು ವರ್ಷಗಳಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿಂತು ನಿಂತು ಬಂದಿದ್ದ ದುರ್ಗೇಶನ ಮೊಣಕಾಲಿನ ನೋವು ಕಡಿಮೆಯಾದ ಹಾಗಾಯಿತು. ಮನೆಯಿಂದ ಶಾಲೆಗೆ ಹತ್ತು ನಿಮಿಷದ ನಡಿಗೆ. ಎಂಟಕ್ಕೆ ಎದ್ದರೂ ನಡೆದೀತು.

"ನೀವೇ ಅಲ್ಲಿಗೆ ಬೇಕಿತ್ತು ಕಣ್ರಿ," ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕುತ್ತ ಹೇಳಿದರು. "ಆ ಶಾಲೆ ಹೆದ್ದಾರಿ ಪಕ್ಕದಲ್ಲೇ ಇದೆ. ಹೊಸಾ ಕಾಂಪೌಂಡ್, ಮುನ್ನೂರು ಅಡಿ. ಓಡಾಡೋರೆಲ್ಲ ನೋಡ್ತಾರೆ. ಸುಮೇರಿಯಾದಿಂದ ಶುರು ಮಾಡಿ ಒಂದು ಸಾಮ್ರಾಜ್ಯಾನೂ ಬಿಡಬೇಡಿ. ಒಳಗಡೆನೂ ಬರೆಸಿ, ಆರುನೂರಾಗುತ್ತೆ. ಮತ್ತೆ ನೀವೊಬ್ರೇ ತೀರ್ಮಾನ ಮಾಡ್ಬೇಡಿ. ಅಲ್ಲಿನ ಸಮಿತಿಯಲ್ಲಿ ಹದಿನೆಂಟು ಜನ ಇದ್ದಾರೆ. ಯಾರಿಗೆ ಎಷ್ಟು ಅಡಿ ಅಂತ ಪ್ರತಿಯೊಬ್ಬರನ್ನೂ ಕೇಳಿ ಮಾಡಿ."

ಅವರು ಸಹಿಯಾದ ಕಾಗದವನ್ನು ಮುಂದೆ ಚಾಚಿದರು. ಬಸವಣ್ಣೆಪ್ಪನವರು ಹಿಂದಿನಿಂದ ಮೆಲ್ಲಗೆ ನೂಕಿದರು. ದುರ್ಗೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಒಲ್ಲೆ ಸರ್," ಎಂದ.